ಮೊದಲ ಗಾಡಿಯ ಕನಸುಗಾರ: ಸೇಠ ವಾಲಚಂದ ಹೀರಾಚಂದ

ಕಳೆದ ಬೇಸಿಗೆಯ ರಜೆಯಲ್ಲಿ ನಾನು ಕೆಲವು ದಿನ ಶಹಾಬಾದಿನಲ್ಲಿ ಸೋದರಮಾವನ ಮನೆಯಲ್ಲಿದ್ದೆನು. ಮಾವ ಅಲ್ಲಿಯ ಒಂದು ಗ್ಯಾರೇಜಿನಲ್ಲಿ ಮಿಸ್ತ್ರಿ. ಹಗಲೆಲ್ಲ ಕಲ್ಲು ಸಾಗಿಸುವ ಲಾರಿಗಳ ಕೆಳಗೆ ಮಲಗಿ ದುಡಿಯುವ ಅವರಿಗೆ ಸಂಜೆಯಾಯಿತೆಂದರೆ ಒಂದೇ ಹುಚ್ಚು. ಗ್ಯಾರೇಜಿನ ಹಿಂದೆ ಬೇವಿನ ಮರದ ಕೆಳಗೆ ಅವರದೇ ಆದ ಒಂದು ಹಳೆಯ ಪದ್ಮಿನಿ ಕಾರು ನಿಂತಿದೆ. ಗುಜರಿಯ ಬೆಲೆಗೆ ಕೊಂಡುತಂದದ್ದು. ಅದರ ಒಂದೊಂದು ಭಾಗವನ್ನೂ ಬಿಚ್ಚಿ, ತೊಳೆದು, ಸಿಗದ ಭಾಗಕ್ಕೆ ಬೇರೆ ಗಾಡಿಯ ಭಾಗವನ್ನು ಅರೆದು ಕೂಡಿಸಿ, ಅವರು ಅದನ್ನು ಜೀವಂತವಾಗಿಟ್ಟಿದ್ದಾರೆ. ವರುಷಕ್ಕೊಮ್ಮೆ ಮಹಾನವಮಿಯ ಖಂಡೇಪೂಜೆಯ ದಿನ ಅದಕ್ಕೆ ಬಾಳೆಕಂಬ ಕಟ್ಟಿ, ಚೆಂಡುಹೂವಿನ ಮಾಲೆ ಹಾಕಿ, ಓಣಿಯ ಮಕ್ಕಳನ್ನೆಲ್ಲ ಹತ್ತಿಸಿಕೊಂಡು ಸ್ಟೇಶನ್ನಿನವರೆಗೆ ಒಂದು ಸುತ್ತು ಬರುತ್ತಾರೆ. ಅದೇ ನಮ್ಮ ಓಣಿಯ ಮೋಟಾರು ಪ್ರದರ್ಶನ.

ಒಂದು ಸಂಜೆ ಆ ಕಾರಿನ ಹೆಸರಿನ ಫಲಕವನ್ನು ಬಟ್ಟೆಯಿಂದ ಉಜ್ಜುತ್ತ, ಇದನ್ನು ಮಾಡಿದವರು ಯಾರೆಂದು ಮಾವ ನನ್ನನ್ನು ಕೇಳಿದರು. ಇತಿಹಾಸವನ್ನು ಐಚ್ಛಿಕ ವಿಷಯವನ್ನಾಗಿ ತೆಗೆದುಕೊಂಡು ಬಿ.ಎ. ಕೊನೆಯ ವರುಷದಲ್ಲಿ ಓದುತ್ತಿರುವ ನಾನು ಇಟಲಿ ದೇಶದ ಫಿಯೆಟ್ ಕಂಪನಿಯವರೆಂದು ಜಂಬದಿಂದ ಹೇಳಿದೆನು. ಹಾಗಾದರೆ ಫಲಕದ ಮೇಲೆ ಪ್ರೀಮಿಯರ್ ಎಂದು ಏಕಿದೆ, ಆ ಪ್ರೀಮಿಯರ್ ಯಾರ ಮನೆಯದು ಎಂಬುದು ಅವರ ಎರಡನೆಯ ಪ್ರಶ್ನೆ. ನನ್ನಲ್ಲಿ ಉತ್ತರವಿರಲಿಲ್ಲ. ರಾಜಮಹಾರಾಜರ ಯುದ್ಧಗಳ ಇಸವಿಗಳನ್ನೆಲ್ಲ ಬಾಯಿಪಾಠ ಮಾಡಿದ ನನಗೆ, ಮಾವನ ಕೈಗೆ ಇಪ್ಪತ್ತು ವರುಷ ಎಣ್ಣೆ ಹತ್ತಿಸಿದ ಈ ಗಾಡಿಯ ಮೂಲಪುರುಷನ ಹೆಸರು ತಿಳಿಯದೆ ಹೋಯಿತಲ್ಲ ಎಂದು ನಾಚಿಕೆಯಾಯಿತು. ರಜೆ ಮುಗಿಸಿ ಸೇಡಂಗೆ ಮರಳಿದ ಮೇಲೆ ಓದಿ ತಿಳಿದುದನ್ನು ಇಲ್ಲಿ ವಾಚಕರ ಮುಂದಿಡುತ್ತಿದ್ದೇನೆ. ಆ ಮನುಷ್ಯ ದೂರದವರಲ್ಲ. ನಮ್ಮ ಶಹಾಬಾದಿನ ಹಳಿಯ ಮೇಲೆಯೇ, ಕಲಬುರಗಿಯಿಂದ ನೂರು ಕಿಲೋಮೀಟರಿಗೆ ತುಸು ಹೆಚ್ಚು ದೂರದಲ್ಲಿರುವ ಸೊಲ್ಲಾಪುರದವರು. ಅವರ ಹೆಸರು ಸೇಠ ವಾಲಚಂದ ಹೀರಾಚಂದ.

ಸೊಲ್ಲಾಪುರವೆಂದರೆ ನಮಗೆ ಪರಸ್ಥಳವಲ್ಲ. ಹನ್ನೆರಡನೆಯ ಶತಮಾನದಲ್ಲಿ ಶಿವಯೋಗಿ ಸಿದ್ಧರಾಮರು ಕೆರೆ ಕಟ್ಟಿಸಿದ ಸೊನ್ನಲಿಗೆಯೇ ಅದು. ಇಂದಿಗೂ ಅಲ್ಲಿಯ ಪೇಟೆಯಲ್ಲಿ, ಅಕ್ಕಲಕೋಟೆಯ ಹಳ್ಳಿಗಳಲ್ಲಿ ಮರಾಠಿಯ ಜೊತೆಗೆ ಕನ್ನಡವು ಧಾರಾಳವಾಗಿ ಕೇಳಿಬರುತ್ತದೆ. ಈ ಊರಿನಲ್ಲಿ 1882ನೆಯ ಇಸವಿ ನವೆಂಬರ್ 23ರಂದು ವಾಲಚಂದರು ಜನಿಸಿದರು. ಅವರ ಹಿರಿಯರು ಗುಜರಾತದ ಕಡೆಯಿಂದ ವ್ಯಾಪಾರಕ್ಕಾಗಿ ಬಂದು ನೆಲೆಸಿದ ದಿಗಂಬರ ಜೈನರು. ತಂದೆ ಹೀರಾಚಂದ ನೇಮಚಂದರು ಹತ್ತಿಯ ವ್ಯಾಪಾರ ಮತ್ತು ಲೇವಾದೇವಿ ನಡೆಸುತ್ತಿದ್ದ ಸ್ಥಿತಿವಂತರು, ಜೈನ ಸಮಾಜದಲ್ಲಿ ಸುಧಾರಕರೆಂದು ಹೆಸರಾದವರು. ನಮ್ಮ ಸೇಡಂ ತಾಲೂಕಿನ ಮಳಖೇಡದ ನೇಮಿನಾಥ ಬಸದಿಯು ಜೈನರಿಗೆ ಎಷ್ಟು ಪೂಜ್ಯವೆಂಬುದನ್ನು ಬಲ್ಲ ನಮಗೆ ಈ ಮನೆತನದ ಸಂಸ್ಕಾರ ಎಂಥದೆಂದು ಬೇರೆ ಹೇಳಬೇಕಾಗಿಲ್ಲ.

ವಾಲಚಂದರು ಸೊಲ್ಲಾಪುರದಲ್ಲಿ ಶಾಲೆ ಕಲಿತು, ಮುಂಬಯಿ ಮತ್ತು ಪುಣೆಗಳ ಕಾಲೇಜುಗಳಲ್ಲಿ ಓದಿದರು. ಊರಿಗೆ ಬಂದು ಮನೆಯ ಗಾದಿಯ ಮೇಲೆ ಕುಳಿತರೆ ಅನ್ನಕ್ಕೆ ಕೊರತೆಯಿರಲಿಲ್ಲ. ಆದರೆ ಹತ್ತಿಯ ದರದ ಏರಿಳಿತವನ್ನು ಕಾಯುವುದು, ಸಾಲಪತ್ರಗಳನ್ನು ತಿರುವಿ ಹಾಕಿ ಬಡ್ಡಿ ಎಣಿಸುವುದು ಅವರ ಮನಸ್ಸಿಗೆ ಒಗ್ಗಲಿಲ್ಲ. ಇದ್ದ ಹಣವನ್ನು ಹೆಚ್ಚಿಸುವುದಕ್ಕಿಂತ ಇಲ್ಲದ ವಸ್ತುವನ್ನು ಉಂಟುಮಾಡುವುದರಲ್ಲಿ ಅವರಿಗೆ ಆಸೆ. ಈ ಸ್ವಭಾವವೇ ಅವರ ಬಾಳಿನ ಏಳಿಗೆಗೂ ಸಂಕಟಕ್ಕೂ ಕಾರಣವಾಯಿತು.

ಅವರನ್ನು ಮೊದಲು ಸೆಳೆದದ್ದು ರೈಲು. ಮುಂಬಯಿಯಿಂದ ಹೊರಟ ಹಳಿಯು ಸೊಲ್ಲಾಪುರ, ಕಲಬುರಗಿ, ಶಹಾಬಾದ್, ವಾಡಿಗಳನ್ನು ದಾಟಿ 1871ರಲ್ಲಿ ರಾಯಚೂರಿನಲ್ಲಿ ಮದರಾಸಿನ ಹಳಿಯನ್ನು ಕೂಡಿತ್ತು. 1874ರಲ್ಲಿ ವಾಡಿಯಿಂದ ಚಿತ್ತಾಪುರ, ಸೇಡಂಗಳ ಮೇಲಿಂದ ಹೈದರಾಬಾದಿನ ಕಡೆಗೆ ನಿಜಾಮರ ರೈಲು ಓಡತೊಡಗಿತ್ತು. ರೈಲು ಬಂದ ಊರು ಪೇಟೆಯಾಗುವುದನ್ನು, ಬಾರದ ಊರು ಹಳ್ಳಿಯಾಗಿಯೇ ಉಳಿಯುವುದನ್ನು ಆ ಕಾಲದವರು ಕಣ್ಣಾರೆ ಕಂಡಿದ್ದರು. ಚಿಂಚೋಳಿಯ ಕಡೆಯವನಾದ ನನಗೆ ಈ ಮಾತನ್ನು ಯಾರೂ ವಿವರಿಸಿ ಹೇಳಬೇಕಾಗಿಲ್ಲ. ರೈಲು ಹತ್ತಬೇಕೆಂದರೆ ನಾವು ಸೇಡಂಗೋ ತಾಂಡೂರಿಗೋ ಬರಬೇಕು. ವಾಲಚಂದರು ಲಕ್ಷ್ಮಣರಾವ ಫಾಟಕ ಎಂಬ ಗೃಹಸ್ಥರ ಜೊತೆಗೂಡಿದರು. ಈ ಫಾಟಕರು ಮೊದಲು ರೈಲ್ವೆಯಲ್ಲಿ ಗುಮಾಸ್ತರಾಗಿದ್ದು ಬಳಿಕ ಗುತ್ತಿಗೆದಾರರಾದವರು. ಒಬ್ಬರ ಅನುಭವ, ಇನ್ನೊಬ್ಬರ ಬಂಡವಾಳ. ಸೊಲ್ಲಾಪುರ ಸೀಮೆಯ ಬಾರ್ಶಿ ಕಿರುಹಳಿಯ ಗುತ್ತಿಗೆಯಿಂದ ಆರಂಭವಾದ ಈ ಜೋಡಿಯ ಕೆಲಸವು ಬೆಳೆಯುತ್ತ ಹೋಗಿ, ಮುಂದೆ ಭೋರ್ ಘಾಟಿನಲ್ಲಿ ಸುರಂಗ ಕೊರೆಯುವವರೆಗೆ, ಮುಂಬಯಿ ನಗರಕ್ಕೆ ತಾನ್ಸಾ ಸರೋವರದ ನೀರು ತರುವ ಕೊಳವೆ ಹಾಕುವವರೆಗೆ ಮುಟ್ಟಿತು. 1926ರಲ್ಲಿ ಅವರು ಹಿಂದೂಸ್ತಾನ ಕನ್‌ಸ್ಟ್ರಕ್ಷನ್ ಕಂಪನಿಯನ್ನು ಸ್ಥಾಪಿಸಿದರು. ಸಾಹುಕಾರರ ಮಗನು ಮಣ್ಣು ಕಲ್ಲುಗಳ ಕೆಲಸಕ್ಕೆ ಇಳಿದನೆಂದು ಆಡಿಕೊಳ್ಳುವವರಿಗೆ ಆ ಕೆಲಸವೇ ಉತ್ತರ ಕೊಟ್ಟಿತು.

ಎರಡನೆಯ ಸಾಹಸ ಸಮುದ್ರದ್ದು. ಮೊದಲನೆಯ ಮಹಾಯುದ್ಧ ಮುಗಿದ ಹೊತ್ತಿಗೆ ಭಾರತದ ಸಮುದ್ರ ವ್ಯಾಪಾರವೆಲ್ಲ ಇಂಗ್ಲಿಷ್ ಹಡಗುಗಳ ಕೈಯಲ್ಲಿತ್ತು. ಗ್ವಾಲಿಯರ್ ಮಹಾರಾಜರು ಯುದ್ಧಕಾಲದಲ್ಲಿ ಆಸ್ಪತ್ರೆಯ ಹಡಗನ್ನಾಗಿ ಮಾಡಿದ್ದ ಲಾಯಲ್ಟಿ ಎಂಬ ಹಡಗು ಮಾರಾಟಕ್ಕಿದೆಯೆಂದು ತಿಳಿದಾಗ ವಾಲಚಂದರು ನರೋತ್ತಮ ಮೊರಾರ್ಜಿ ಮೊದಲಾದ ಮುಂಬಯಿಯ ವರ್ತಕರನ್ನು ಕೂಡಿಸಿಕೊಂಡು ಅದನ್ನು ಕೊಂಡರು. ಸಿಂಧಿಯಾ ಹಡಗು ಕಂಪನಿ ಹುಟ್ಟಿತು. 1919ರ ಏಪ್ರಿಲ್ 5ರಂದು ಲಾಯಲ್ಟಿಯು ಮುಂಬಯಿಯಿಂದ ಲಂಡನ್ನಿಗೆ ಹೊರಟಿತು. ಇಂದಿಗೂ ಏಪ್ರಿಲ್ 5ನ್ನು ನಮ್ಮ ದೇಶದಲ್ಲಿ ರಾಷ್ಟ್ರೀಯ ನೌಕಾಯಾನ ದಿನವೆಂದು ಆಚರಿಸುವುದು ಈ ಪ್ರಯಾಣದ ನೆನಪಿಗಾಗಿಯೇ. ಆದರೆ ಆ ಹಡಗು ಹಳೆಯದು, ಅದರ ಖರ್ಚು ಅಪಾರ. ನಾಲ್ಕೇ ವರುಷಗಳಲ್ಲಿ, 1923ರಲ್ಲಿ, ಅದನ್ನು ಒಡೆಯಲಿಕ್ಕೆ ಮಾರಬೇಕಾಯಿತು. ಇಂಗ್ಲಿಷ್ ಕಂಪನಿಗಳು ದರವನ್ನು ಪಾತಾಳಕ್ಕಿಳಿಸಿ ಸ್ಪರ್ಧಿಸಿದವು. ಕೊನೆಗೆ ಅದೇ ವರುಷ ಸಿಂಧಿಯಾ ಕಂಪನಿಯು ತನ್ನ ಹಡಗುಗಳನ್ನು ಕರಾವಳಿಗೆ ಸೀಮಿತಗೊಳಿಸಿಕೊಳ್ಳುವ ಕರಾರಿಗೆ ಸಹಿ ಹಾಕಿ ಜೀವ ಉಳಿಸಿಕೊಂಡಿತು. ಮೊದಲ ಹಡಗು ಸೋತಿತು, ಕಂಪನಿ ಉಳಿಯಿತು. 1929ರಿಂದ 1950ರವರೆಗೆ ವಾಲಚಂದರೇ ಅದರ ಅಧ್ಯಕ್ಷರಾಗಿದ್ದರು.

ಇನ್ನು ಮಾವನ ಪ್ರಶ್ನೆಗೆ ಬರುತ್ತೇನೆ. ಮೋಟಾರು ಗಾಡಿಯ ಕನಸು ವಾಲಚಂದರೊಬ್ಬರದೇ ಅಲ್ಲ. ಅದರಲ್ಲಿ ನಮ್ಮ ಕನ್ನಡ ನಾಡಿನ ಹಿರಿಯರೊಬ್ಬರ ಪಾಲೂ ಇದೆ. ಅವರೇ ಸರ್ ಎಂ. ವಿಶ್ವೇಶ್ವರಯ್ಯನವರು. ಮೈಸೂರಿನ ದಿವಾನಗಿರಿಯನ್ನು ಬಿಟ್ಟು ಎಷ್ಟೋ ವರುಷಗಳಾದ ಮೇಲೆ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಅವರು ಭಾರತದಲ್ಲಿ ಮೋಟಾರು ಕಾರ್ಖಾನೆಯಾಗಬೇಕೆಂದು ಪಟ್ಟುಹಿಡಿದರು. 1935ರಲ್ಲಿ ಯುರೋಪು ಅಮೆರಿಕಗಳನ್ನು ಸುತ್ತಿ ಅಲ್ಲಿಯ ಕಾರ್ಖಾನೆಗಳನ್ನು ನೋಡಿ ಬಂದು, ಬಂಡವಾಳವೆಷ್ಟು, ಯಂತ್ರಗಳೆಷ್ಟು ಎಂಬ ಲೆಕ್ಕದೊಡನೆ ಒಂದು ಯೋಜನೆಯನ್ನು ಸಿದ್ಧಪಡಿಸಿದರು. ಆ ಯೋಜನೆಗೆ ಕೈಕಾಲು ಕೊಡಲು ಮುಂದೆ ಬಂದವರೇ ವಾಲಚಂದರು.

ಆಗ ನಮ್ಮ ದೇಶದಲ್ಲಿ ಮೋಟಾರು ಗಾಡಿಗಳು ಇರಲಿಲ್ಲವೆಂದಲ್ಲ. ಅಮೆರಿಕದ ಜನರಲ್ ಮೋಟಾರ್ಸ್ ಕಂಪನಿಯು 1928ರಿಂದಲೇ ಮುಂಬಯಿಯಲ್ಲಿ ಗಾಡಿಗಳನ್ನು ಜೋಡಿಸುತ್ತಿತ್ತು. ಫೋರ್ಡ್ ಕಂಪನಿಯದೂ ಜೋಡಣೆಯ ಕೆಲಸವಿತ್ತು. ಆದರೆ ಜೋಡಿಸುವುದು ಬೇರೆ, ಮಾಡುವುದು ಬೇರೆ. ಪೆಟ್ಟಿಗೆಯಲ್ಲಿ ಬಂದ ಭಾಗಗಳಿಗೆ ಬೋಲ್ಟು ಬಿಗಿದರೆ ಗಾಡಿ ನಿಲ್ಲುತ್ತದೆ. ಆದರೆ ಉಕ್ಕು ಎರಕ ಹೊಯ್ಯುವವನು, ಗಿಯರಿನ ಹಲ್ಲು ಕೊರೆಯುವವನು, ಸ್ಪ್ರಿಂಗು ಬಾಗಿಸುವವನು, ರಬ್ಬರು, ಗಾಜು, ಬಣ್ಣ ಮಾಡುವವನು ಇವರಾರೂ ಹುಟ್ಟುವುದಿಲ್ಲ. ಒಂದು ಮೋಟಾರು ಕಾರ್ಖಾನೆ ನಿಂತರೆ ಅದರ ಸುತ್ತ ನೂರು ಸಣ್ಣ ಕಾರ್ಖಾನೆಗಳು ಏಳುತ್ತವೆ ಎಂಬುದು ವಿಶ್ವೇಶ್ವರಯ್ಯನವರ ಮತ್ತು ವಾಲಚಂದರ ವಾದದ ತಿರುಳು.

ವಾಲಚಂದರು ಅಮೆರಿಕಕ್ಕೆ ಹೋಗಿ ದೊಡ್ಡ ಕಂಪನಿಗಳ ಬಾಗಿಲು ತಟ್ಟಿದರು. ಕಾರ್ಖಾನೆಯ ಒಡೆತನ ಭಾರತೀಯರದಾಗಿರಬೇಕು, ವಿದೇಶಿ ಕಂಪನಿಯು ವಿದ್ಯೆಯನ್ನು ಮಾತ್ರ ಕೊಡಬೇಕು ಎಂಬುದು ಅವರ ಷರತ್ತು. ಫೋರ್ಡ್ ಮತ್ತು ಜನರಲ್ ಮೋಟಾರ್ಸ್‌ಗಳೊಡನೆ ಮಾತುಕತೆ ಕೂಡಿಬರಲಿಲ್ಲ. ಕೊನೆಗೆ ಕ್ರೈಸ್ಲರ್ ಕಂಪನಿ ಒಪ್ಪಿತು. ಮುಂಬಯಿ ಪ್ರಾಂತದ ಕಾಂಗ್ರೆಸ್ ಸರಕಾರವು ನೆರವು ಕೊಡಲು ಮನಸ್ಸು ಮಾಡಿತ್ತು. ಅಷ್ಟರಲ್ಲಿ 1939ರಲ್ಲಿ ಎರಡನೆಯ ಮಹಾಯುದ್ಧ ಆರಂಭವಾಗಿ ಆ ಮಂತ್ರಿಮಂಡಲವು ರಾಜೀನಾಮೆ ಕೊಟ್ಟಿತು. ಬಳಿಕ ಮೈಸೂರು ಸಂಸ್ಥಾನವು ಬೆಂಗಳೂರಿನಲ್ಲಿ ಕಾರ್ಖಾನೆಗೆ ಎಡೆಕೊಟ್ಟು ಪಾಲುಗಾರನಾಗಲು ಮುಂದೆ ಬಂತು. ಆದರೆ ದಿಲ್ಲಿಯ ಸರಕಾರ ಒಪ್ಪಲಿಲ್ಲ. ಯುದ್ಧಕಾಲದಲ್ಲಿ ಡಾಲರಿಲ್ಲ, ಈ ಕಾರ್ಖಾನೆಯು ಯುದ್ಧಕ್ಕೆ ಅವಶ್ಯವೂ ಅಲ್ಲ ಎಂಬುದು ಸರಕಾರದ ಸಮಾಧಾನ. ಇಂಗ್ಲಂಡಿನ ಮೋಟಾರು ವ್ಯಾಪಾರಕ್ಕೆ ಧಕ್ಕೆಯಾದೀತೆಂಬ ಅಂಜಿಕೆಯೇ ನಿಜವಾದ ಕಾರಣವೆಂದು ದೇಶದ ಜನ ಭಾವಿಸಿದರು. ಹೇಗೂ ಇರಲಿ, ಬೆಂಗಳೂರಿಗೆ ಬರಬೇಕಾಗಿದ್ದ ಮೋಟಾರು ಬರಲಿಲ್ಲ.

ಬಂದದ್ದು ವಿಮಾನ. ಇದು ಕತೆಯಂತೆ ತೋರಿದರೂ ನಡೆದ ಸಂಗತಿ. 1939ರಲ್ಲಿ ಅಮೆರಿಕದಿಂದ ಮರಳುವಾಗ ಪೆಸಿಫಿಕ್ ಸಾಗರದ ಮೇಲೆ ಹಾರುವ ವಿಮಾನದಲ್ಲಿ ವಿಲಿಯಂ ಪಾಲಿ ಎಂಬ ಅಮೆರಿಕನ್ನರ ಪರಿಚಯ ವಾಲಚಂದರಿಗಾಯಿತು. ಪಾಲಿಯವರು ಚೀನಾ ದೇಶದಲ್ಲಿ ವಿಮಾನ ತಯಾರಿಕೆಯ ಕಾರ್ಖಾನೆ ನಡೆಸುತ್ತಿದ್ದವರು. ಮೋಟಾರಿಗಾಗಿ ಹೋದವರು ವಿಮಾನದ ಯೋಚನೆಯನ್ನು ತಲೆಯಲ್ಲಿಟ್ಟುಕೊಂಡು ಬಂದರು. ಯುದ್ಧಕ್ಕೆ ವಿಮಾನ ಬೇಕೇ ಬೇಕು. ಆದುದರಿಂದ ಸರಕಾರ ಇದಕ್ಕೆ ಕೊನೆಗೂ ಸಮ್ಮತಿಸಿತು. ಮೈಸೂರು ಸಂಸ್ಥಾನವು, ಸರ್ ಮಿರ್ಜಾ ಇಸ್ಮಾಯಿಲ್ಲರು ದಿವಾನರಾಗಿದ್ದಾಗ, ಬೆಂಗಳೂರಿನ ಹತ್ತಿರ ಭೂಮಿಯನ್ನೂ ಬಂಡವಾಳದಲ್ಲಿ ಪಾಲನ್ನೂ ಕೊಟ್ಟಿತು. 1940ರ ಡಿಸೆಂಬರ್ 23ರಂದು ಹಿಂದೂಸ್ತಾನ ಏರ್‌ಕ್ರಾಫ್ಟ್ ಕಂಪನಿ ನೋಂದಣಿಯಾಯಿತು. ಮರುವರುಷವೇ ಅಲ್ಲಿ ಜೋಡಿಸಿದ ಹಾರ್ಲೊ ಎಂಬ ತರಬೇತಿ ವಿಮಾನ ಬೆಂಗಳೂರಿನ ಆಕಾಶದಲ್ಲಿ ಹಾರಿತು. ಇಂದು ಎಚ್.ಎ.ಎಲ್. ಎಂದು ಮಕ್ಕಳಿಗೂ ಗೊತ್ತಿರುವ ಸಂಸ್ಥೆಯು ಹುಟ್ಟಿದ್ದು ಹೀಗೆ, ಸೊಲ್ಲಾಪುರದ ಒಬ್ಬ ವರ್ತಕನ ಕೈಗೂಡದ ಮೋಟಾರಿನ ಆಸೆಯ ಬೆನ್ನಿಗೆ.

ಆದರೆ ಆ ಸಂತೋಷವೂ ಹೆಚ್ಚು ದಿನ ಉಳಿಯಲಿಲ್ಲ. ಜಪಾನು ಯುದ್ಧಕ್ಕಿಳಿದ ಮೇಲೆ ಕಾರ್ಖಾನೆಯು ಸರಕಾರದ ಕೈಯಲ್ಲಿರಬೇಕೆಂದಾಗಿ, 1942ರಲ್ಲಿ ಭಾರತ ಸರಕಾರವು ವಾಲಚಂದರ ಪಾಲನ್ನು ಕೊಂಡುಕೊಂಡಿತು. ಅವರಿಗೆ ಮನಸ್ಸಿರಲಿಲ್ಲ, ಆದರೂ ಬಿಟ್ಟುಕೊಟ್ಟರು. ವಿಶಾಖಪಟ್ಟಣದಲ್ಲಿ ಅವರು ಆರಂಭಿಸಿದ ಹಡಗುಕಟ್ಟೆಯದೂ ಇದೇ ಕತೆ. 1941ರ ಜೂನ್ 21ರಂದು ಬಾಬು ರಾಜೇಂದ್ರಪ್ರಸಾದರು ಅದಕ್ಕೆ ಅಡಿಗಲ್ಲು ಹಾಕಿದರು. ಮುಂದಿನ ವರುಷವೇ ಜಪಾನೀ ವಿಮಾನಗಳು ಆ ಊರಿನ ಮೇಲೆ ಬಾಂಬು ಹಾಕಿದವು. ಅಡಚಣೆಗಳೆಲ್ಲವನ್ನೂ ದಾಟಿ 1948ರ ಮಾರ್ಚ್ 14ರಂದು ಅಲ್ಲಿ ಕಟ್ಟಿದ ಜಲ ಉಷಾ ಎಂಬ ಹಡಗನ್ನು ಪಂಡಿತ ನೆಹರೂ ಅವರು ನೀರಿಗಿಳಿಸಿದರು. 1952ರಲ್ಲಿ ಅದೂ ಬಹುಪಾಲು ಸರಕಾರದ್ದಾಯಿತು. ಸಸಿ ನೆಟ್ಟವರು ಒಬ್ಬರು, ನೆರಳಲ್ಲಿ ಕುಳಿತವರು ಮತ್ತೊಬ್ಬರು.

ಇಷ್ಟಾದರೂ ಮೋಟಾರನ್ನು ಅವರು ಮರೆಯಲಿಲ್ಲ. 1944ರಲ್ಲಿ, ಯುದ್ಧ ಇನ್ನೂ ನಡೆಯುತ್ತಿರುವಾಗಲೇ, ಪ್ರೀಮಿಯರ್ ಆಟೋಮೊಬೈಲ್ಸ್ ಕಂಪನಿಯನ್ನು ಸ್ಥಾಪಿಸಿದರು. ಮುಂಬಯಿಯ ಕುರ್ಲಾದಲ್ಲಿ ಕಾರ್ಖಾನೆ ಎದ್ದಿತು. ಅದಕ್ಕೂ ಮೊದಲು, 1942ರಲ್ಲಿ, ಬಿರ್ಲಾ ಮನೆತನದವರು ಹಿಂದೂಸ್ತಾನ ಮೋಟಾರ್ಸ್ ಕಂಪನಿಯನ್ನು ಆರಂಭಿಸಿದ್ದರು. ಹೀಗೆ ದೇಶದಲ್ಲಿ ಎರಡು ಕೈಗಳು ಒಂದೇ ಕೆಲಸಕ್ಕೆ ಹತ್ತಿದವು. 1947ರಲ್ಲಿ, ಸ್ವಾತಂತ್ರ್ಯ ಬಂದ ವರುಷವೇ, ಕುರ್ಲಾದ ಬಾಗಿಲಿನಿಂದ ಕ್ರೈಸ್ಲರ್ ಮನೆತನದ ಗಾಡಿಗಳು ಹೊರಬಿದ್ದವು. ಡಾಡ್ಜ್, ಪ್ಲಿಮತ್ ಕಾರುಗಳು, ಫಾರ್ಗೊ ಲಾರಿಗಳು ದೇಶದ ಹಾದಿಗಳಲ್ಲಿ ಓಡಾಡಿದವು. ವಿಶ್ವೇಶ್ವರಯ್ಯನವರು ಯೋಜನೆ ಬರೆದು ಆಗಲೇ ಹನ್ನೊಂದು ವರುಷ ಕಳೆದಿತ್ತು. ಮೊದಮೊದಲು ಇದೂ ಜೋಡಣೆಯ ಕೆಲಸವೇ ಆಗಿತ್ತೆಂಬುದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಒಂದೊಂದೇ ಭಾಗವನ್ನು ಇಲ್ಲಿಯೇ ಮಾಡುತ್ತ ಹೋಗುವ ಸಂಕಲ್ಪ ಅದರ ಹಿಂದಿತ್ತು. 1953ರಲ್ಲಿ ಸರಕಾರವು ಇಲ್ಲಿಯೇ ತಯಾರಿಸದ ಕಂಪನಿಗಳಿಗೆ ಎಡೆಯಿಲ್ಲವೆಂದು ಗೊತ್ತುಪಡಿಸಿದಾಗ, ಜೋಡಣೆಯನ್ನಷ್ಟೇ ಮಾಡುತ್ತಿದ್ದ ವಿದೇಶಿ ಕಂಪನಿಗಳು ಬಾಗಿಲು ಮುಚ್ಚಿ ಹೋದವು. ಕುರ್ಲಾದ ಕಾರ್ಖಾನೆ ಉಳಿಯಿತು.

ಇಲ್ಲಿ ಒಂದು ಹೋಲಿಕೆ ನನ್ನ ಮನಸ್ಸಿಗೆ ಬರುತ್ತದೆ. ಅದೇ ಕಾಲದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ತರುಣರು ಗುಜರಿಯಲ್ಲಿ ಬಿದ್ದ ಹಳೆಯ ಫೋರ್ಡ್ ಗಾಡಿಗಳನ್ನು ಅಗ್ಗಕ್ಕೆ ಕೊಂಡು, ಬೇಡದ ತಗಡನ್ನೆಲ್ಲ ಕಿತ್ತೆಸೆದು, ಎಂಜಿನಿನ ಬಲವನ್ನು ಹೆಚ್ಚಿಸಿ ಓಡಿಸುತ್ತಿದ್ದರು. ಅಂಥ ಗಾಡಿಗಳಿಗೆ ಹಾಟ್ ರಾಡ್ ಎಂದು ಹೆಸರು. 1948ರ ಜನವರಿಯಲ್ಲಿ ಲಾಸ್ ಏಂಜಲ್ಸ್ ನಗರದಲ್ಲಿ ಅವುಗಳದೇ ಒಂದು ದೊಡ್ಡ ಪ್ರದರ್ಶನ ನಡೆಯಿತು. ಅದನ್ನು ನಡೆಸಿದವರಲ್ಲಿ ಒಬ್ಬರಾದ ರಾಬರ್ಟ್ ಪೀಟರ್‌ಸನ್ ಎಂಬ ತರುಣರು ಅದೇ ಸಮಯದಲ್ಲಿ ಆ ಹೆಸರಿನ ಮಾಸಪತ್ರಿಕೆಯನ್ನೂ ಹೊರಡಿಸಿ ಮುಂದೆ ಬಹಳ ಪ್ರಸಿದ್ಧರಾದರು. ನಮ್ಮ ಮಾವನದೂ ಅದೇ ಹುಚ್ಚು, ಅದೇ ಕೈಗುಣ. ಆದರೆ ಆ ತರುಣರ ನಾಡಿನಲ್ಲಿ ಗಾಡಿಗಳು ಲಕ್ಷಗಟ್ಟಲೆಯಾಗಿ ತಯಾರಾಗಿ, ಹಳತಾಗಿ, ಗುಜರಿಗೆ ಬಂದು ಬಿದ್ದಿದ್ದವು. ಬಿಚ್ಚಿ ನೋಡಲಿಕ್ಕೆ ಗಾಡಿ ಇದ್ದರಲ್ಲವೇ ಮಿಸ್ತ್ರಿ ಹುಟ್ಟುವುದು? 1948ರಲ್ಲಿ ನಮ್ಮ ಈ ಸೀಮೆಯು ನಿಜಾಮರ ರಾಜ್ಯದಲ್ಲಿತ್ತು. ಹಳ್ಳಿಯ ದಾರಿಯೆಂದರೆ ಎತ್ತಿನ ಬಂಡಿಯ ದಾರಿ. ಬಡವನ ಕೈಗೂ ಒಂದು ದಿನ ಹಳೆಯ ಗಾಡಿ ಬರಬೇಕಾದರೆ, ಅದಕ್ಕೆ ಎಷ್ಟೋ ವರುಷ ಮೊದಲು ಯಾರಾದರೊಬ್ಬರು ಹೊಸ ಗಾಡಿ ಮಾಡಲು ಆರಂಭಿಸಿರಬೇಕು. ಹವ್ಯಾಸವು ಉದ್ಯಮದ ಮೊಮ್ಮಗು. ವಾಲಚಂದರು ಆ ಅಜ್ಜನ ಸ್ಥಾನದಲ್ಲಿದ್ದಾರೆ.

ಪದ್ಮಿನಿಯನ್ನು ಮಾತ್ರ ಅವರು ಕಾಣಲಿಲ್ಲ. 1949ರಲ್ಲಿ ಅವರಿಗೆ ಪಾರ್ಶ್ವವಾಯು ಬಡಿಯಿತು; 1950ರಲ್ಲಿ ವ್ಯವಹಾರಗಳಿಂದ ನಿವೃತ್ತರಾದರು. ಕುರ್ಲಾದಲ್ಲಿ ಫಿಯೆಟ್ ಕಂಪನಿಯ ಸಣ್ಣ ಕಾರುಗಳ ಕೆಲಸ ಆರಂಭವಾದದ್ದು ಆ ಹೊತ್ತಿಗೇ. 1953ರ ಏಪ್ರಿಲ್ 8ರಂದು ಗುಜರಾತದ ಸಿದ್ಧಪುರದಲ್ಲಿ ವಾಲಚಂದರು ತೀರಿಕೊಂಡರು. ಆಗ ಅವರಿಗೆ ಎಪ್ಪತ್ತು ವರುಷ. ತಮ್ಮಂದಿರಾದ ಲಾಲಚಂದ ಮೊದಲಾದವರು ಕೆಲಸವನ್ನು ಮುಂದುವರಿಸಿದರು. ಮರುವರುಷ ಫಿಯೆಟ್ 1100 ಕಾರು ಬಂತು. ಅದರದೇ ಮುಂದಿನ ರೂಪಕ್ಕೆ 1970ರ ದಶಕದಲ್ಲಿ ಪದ್ಮಿನಿ ಎಂದು ಹೆಸರಾಯಿತು. 1089 ಸಿ.ಸಿ.ಯ ನಾಲ್ಕು ಸಿಲಿಂಡರಿನ ಎಂಜಿನು, ಸ್ಟೀರಿಂಗಿನ ಕಂಬಕ್ಕೇ ಅಂಟಿಕೊಂಡ ಗಿಯರಿನ ಹಿಡಿಕೆ, ಬೆಂಚಿನಂಥ ಮುಂದಿನ ಆಸನ. ಡಾಕ್ಟರರ ಮನೆಯ ಮುಂದೆ, ವಕೀಲರ ಮನೆಯ ಮುಂದೆ ನಿಂತ ಆ ಕಾರನ್ನು ನಮ್ಮ ಹಿರಿಯರು ಇಂದಿಗೂ ಫಿಯೆಟ್ ಎಂದೇ ಕರೆಯುತ್ತಾರೆ. ಮುಂಬಯಿಯಲ್ಲಿ ಕಪ್ಪು ಹಳದಿ ಟ್ಯಾಕ್ಸಿಯೆಂದರೆ ಅದೇ. 2000ದ ಸುಮಾರಿಗೆ ಅದರ ತಯಾರಿಕೆ ನಿಂತಿತು. 2023ರ ಅಕ್ಟೋಬರಿನಲ್ಲಿ ಮುಂಬಯಿಯ ಕೊನೆಯ ಪದ್ಮಿನಿ ಟ್ಯಾಕ್ಸಿಯೂ ವಯಸ್ಸಿನ ಮಿತಿ ಮುಟ್ಟಿ ಬೀದಿಯಿಂದ ಮರೆಯಾಯಿತು.

ದೊಡ್ಡವರ ಚರಿತ್ರೆ ಬರೆಯುವಾಗ ಬರೀ ಹೊಗಳುವುದು ನಮ್ಮಲ್ಲಿ ವಾಡಿಕೆ. ಅದು ಸತ್ಯಕ್ಕೂ ದೊಡ್ಡವರಿಗೂ ಅನ್ಯಾಯ. ವಾಲಚಂದರು ಒಂದು ಕೆಲಸ ನೆಲೆನಿಲ್ಲುವ ಮೊದಲೇ ಇನ್ನೊಂದಕ್ಕೆ ಕೈಯಿಕ್ಕುವ ಸ್ವಭಾವದವರು. ರೈಲು, ಹಡಗು, ಸಕ್ಕರೆ, ವಿಮಾನ, ಮೋಟಾರು ಎಲ್ಲವೂ ಒಬ್ಬ ಮನುಷ್ಯನ ತಲೆಯ ಮೇಲೆ ಕುಳಿತರೆ ಅದರ ಭಾರ ಜೊತೆಗಾರರ ಮೇಲೂ ಬೀಳುತ್ತದೆ. ಇನ್ನು ಅವರು ಹಾಕಿದ ಮೋಟಾರು ಕಾರ್ಖಾನೆಯು ಸ್ವದೇಶಿಯ ರಕ್ಷಣೆಯಲ್ಲಿ ಬೆಳೆಯಿತು. ಆ ರಕ್ಷಣೆಯೇ ಮುಂದೆ ಅದಕ್ಕೆ ಆಲಸ್ಯವನ್ನೂ ಕಲಿಸಿತು. ಪರವಾನಗಿಯ ಕಾಲದಲ್ಲಿ ಕೊಳ್ಳುವವರು ವರುಷಗಟ್ಟಲೆ ಕಾಯುತ್ತಿದ್ದುದರಿಂದ ಗಾಡಿಯನ್ನು ಸುಧಾರಿಸುವ ಅವಸರ ಯಾರಿಗೂ ಇರಲಿಲ್ಲ. 1983ರಲ್ಲಿ ಮಾರುತಿ ಬಂದಾಗ ಮೂವತ್ತು ವರುಷದ ಹಳೆಯ ವಿನ್ಯಾಸವು ಅದರ ಎದುರು ನಿಲ್ಲಲಾರದೆ ಹಿಂದೆ ಸರಿಯಿತು. ಇದು ವಾಲಚಂದರು ಕಣ್ಮುಚ್ಚಿದ ಮೇಲಿನ ಸಂಗತಿಯಾದರೂ, ಅವರು ಆರಂಭಿಸಿದ ಕೆಲಸದ ಲೆಕ್ಕದಲ್ಲಿಯೇ ಬರೆಯಬೇಕಾದುದು.

ಇನ್ನೊಂದು ಮಾತನ್ನೂ ಹೇಳಲೇಬೇಕು. ಇಂಥವರ ಕತೆಯನ್ನು ಸಭೆಗಳಲ್ಲಿ ಹೇಳುವವರು, ಧೈರ್ಯವೊಂದಿದ್ದರೆ ಎಲ್ಲವೂ ಸಾಧ್ಯವೆಂದು ನಮ್ಮಂಥ ಹುಡುಗರಿಗೆ ಉಪದೇಶಿಸುತ್ತಾರೆ. ಧೈರ್ಯ ವಾಲಚಂದರಲ್ಲಿ ಬೆಟ್ಟದಷ್ಟಿತ್ತು, ನಿಜ. ಆದರೆ ಮೊದಲ ಗುತ್ತಿಗೆಗೆ ಠೇವಣಿ ಇಡಲು ತಂದೆಯ ಗಾದಿಯೂ ಹಿಂದೆ ಇತ್ತು. ನಷ್ಟ ಬಂದ ದಿನ ಊಟ ತಪ್ಪುವ ಮನೆ ಅವರದಾಗಿರಲಿಲ್ಲ. ಶಹಾಬಾದಿನ ಗಣಿಯಲ್ಲಿ ಹಾಸುಗಲ್ಲು ಎಬ್ಬಿಸುವವನಿಗೂ, ವಾಡಿಯ ಸಿಮೆಂಟಿನ ಲಾರಿಗೆ ಚೀಲ ಹೇರುವವನಿಗೂ ಧೈರ್ಯ ಕಡಿಮೆಯೇನಿಲ್ಲ. ಅವರ ಹಿಂದೆ ಗಾದಿಯಿಲ್ಲ ಅಷ್ಟೆ. ನಮಗೆ ಗಾದಿಯ ಬದಲು ಇರುವುದು ಈ ಸರಕಾರಿ ಕಾಲೇಜು.

ಹಾಗಾದರೆ ಅವರಿಂದ ನಾನು ಕಲಿಯುವುದೇನು? ಮೊದಲಿಗನ ಪಾಡು ಎಂಥದೆಂಬುದನ್ನು. ಅವರ ಮೊದಲ ಹಡಗು ನಾಲ್ಕು ವರುಷದಲ್ಲಿ ಗುಜರಿಯಾಯಿತು. ಅವರ ವಿಮಾನದ ಕಾರ್ಖಾನೆ ಹದಿನಾರು ತಿಂಗಳಲ್ಲಿ ಕೈಬಿಟ್ಟಿತು. ಅವರ ಮೋಟಾರಿನ ಕಂಪನಿ ಇಂದು ಕಾರು ಮಾಡುತ್ತಿಲ್ಲ. ಒಡೆತನದ ಲೆಕ್ಕದಲ್ಲಿ ನೋಡಿದರೆ ಎಲ್ಲವೂ ಸೋಲು. ಆದರೆ ಅವರ ನಂತರ ಭಾರತೀಯನು ಹಡಗು ನಡೆಸಬಲ್ಲನೇ, ವಿಮಾನ ಮಾಡಬಲ್ಲನೇ, ಮೋಟಾರು ಕಟ್ಟಬಲ್ಲನೇ ಎಂಬ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ. ಆ ಪ್ರಶ್ನೆಗಳಿಗೆ ಉತ್ತರ ಕೊಡುವುದರಲ್ಲಿಯೇ ಮೊದಲಿಗನ ಆಯುಷ್ಯ ಸವೆಯುತ್ತದೆ. ಎರಡನೆಯವನಿಗೆ ದಾರಿ ತೆರೆದಿರುತ್ತದೆ, ಅವನು ನಡೆದುಹೋಗುತ್ತಾನೆ.

ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲು. ಓದಿ ಏನು ಮಾಡುತ್ತೀ, ನೌಕರಿ ಸಿಗುವುದೆಂದು ಯಾರು ಬರೆದುಕೊಟ್ಟಿದ್ದಾರೆ, ಲಾರಿ ಕಲಿತಿದ್ದರೆ ಇಷ್ಟು ಹೊತ್ತಿಗೆ ಗಳಿಸುತ್ತಿದ್ದೆಯಲ್ಲ ಎಂದು ಮೂರು ವರುಷದಿಂದ ನಮ್ಮವರು ಕೇಳುತ್ತಲೇ ಇದ್ದಾರೆ. ಅವರು ಕೇಳುವುದು ದ್ವೇಷದಿಂದಲ್ಲ. ಹಿಂದೆ ಯಾರೂ ಹೋಗಿ ಬಂದು ಹೇಳಿಲ್ಲವೆಂಬ ಕಾರಣದಿಂದ. ಮೊದಲು ಆ ಪ್ರಶ್ನೆಗಳಿಂದ ನನಗೆ ಸಿಟ್ಟು ಬರುತ್ತಿತ್ತು. ಈಗ ಅಷ್ಟು ಬರುವುದಿಲ್ಲ. ನನ್ನ ತಂಗಿ ಈ ವರುಷ ಪಿ.ಯು.ಸಿ. ಓದುತ್ತಿದ್ದಾಳೆ. ಆಕೆಯನ್ನು ಯಾರೂ ಇಷ್ಟು ಪ್ರಶ್ನೆ ಕೇಳುತ್ತಿಲ್ಲವೆಂಬುದನ್ನು ನಾನು ಗಮನಿಸಿದ್ದೇನೆ. ನನಗೆ ನೌಕರಿ ಸಿಕ್ಕರೂ ಸಿಗದಿದ್ದರೂ ಅಷ್ಟು ಕೆಲಸವಂತೂ ಆಗಿದೆ.

ದೀಪಾವಳಿಗೆ ಶಹಾಬಾದಿಗೆ ಹೋದಾಗ ಈ ಸಂಗತಿಗಳನ್ನೆಲ್ಲ ಮಾವನಿಗೆ ಹೇಳಿದೆನು. ಅವರು ಬಾನೆಟ್ಟಿನೊಳಗೆ ಬಗ್ಗಿಕೊಂಡೇ ಕೇಳಿದರು. ನಮ್ಮ ಹಳಿಯ ಮೇಲಿನ ಸೊಲ್ಲಾಪುರದವರೆಂದು ತಿಳಿದಾಗ ಮಾತ್ರ ತಲೆಯೆತ್ತಿ ನೋಡಿ, ಮತ್ತೆ ಕೆಲಸಕ್ಕೆ ಬಗ್ಗಿದರು. ಬರುವ ಖಂಡೇಪೂಜೆಯ ದಿನ ಲಕ್ಷ್ಮಿಯ ಪಟದ ಪಕ್ಕದಲ್ಲಿ ಆ ಸೇಠರ ಪಟವನ್ನೂ ಇಡಬೇಕು, ಎಲ್ಲಿಂದಾದರೂ ಒಂದು ತರಬೇಕು ಎಂದು ನನಗೆ ಅಪ್ಪಣೆಯಾಗಿದೆ. ಹುಡುಕುತ್ತಿದ್ದೇನೆ.